ಉತ್ತರವಿಲ್ಲದ ಪ್ರಾರ್ಥನೆಯೂ ದೇವರ ಸಾನ್ನಿಧ್ಯವೂ

ನಮ್ಮ ಶಾಲೆಯಲ್ಲಿ ಕಲಿತು ಹೋಗಿ ಈಗ ಗೃಹಿಣಿಯಾಗಿರುವ ಒಬ್ಬಾಕೆಯು ಕಳೆದ ಮಳೆಗಾಲದಲ್ಲಿ ನನಗೊಂದು ಪತ್ರವನ್ನು ಬರೆದಳು. ಆಕೆಯ ಮೂರು ವರ್ಷದ ಕೂಸು ಹನ್ನೊಂದು ದಿನ ಜ್ವರದಿಂದ ನರಳಿ ತೀರಿಹೋಗಿತ್ತು. ಆ ಹನ್ನೊಂದು ರಾತ್ರಿಯೂ ತಾಯಿಯು ಮೊಣಕಾಲೂರಿ ಬೇಡಿಕೊಂಡಿದ್ದಳು. ಮಣ್ಣಿಗೆ ಬಂದಿದ್ದ ಹಿರಿಯರೊಬ್ಬರು, 'ಅಮ್ಮಾ, ನಿನ್ನ ವಿಶ್ವಾಸವು ಇನ್ನಷ್ಟು ದೃಢವಾಗಿದ್ದರೆ ಮಗು ಉಳಿಯುತ್ತಿತ್ತು' ಎಂದರಂತೆ. ಪತ್ರದ ಕಡೆಯಲ್ಲಿ ಆಕೆಯು ಕೇಳಿದ್ದು ಇಷ್ಟೇ: 'ಅಮ್ಮನವರೇ, ನನ್ನ ಮಗುವನ್ನು ಕೊಂದದ್ದು ನನ್ನ ಅಪನಂಬಿಕೆಯೋ?'

ಆಕೆಗೆ ನಾನು ಬೇರೆಯಾಗಿ ಉತ್ತರ ಬರೆದೆನು. ಆದರೆ ಈ ಪ್ರಶ್ನೆಯು ಆಕೆಯೊಬ್ಬಳದೇ ಅಲ್ಲವಾದ್ದರಿಂದ, ಆಕೆಯ ಒಪ್ಪಿಗೆಯನ್ನು ಪಡೆದು, ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಓದುವ ಈ ಸಂಚಿಕೆಯಲ್ಲಿ ನನ್ನ ಅಭಿಪ್ರಾಯವನ್ನು ತಿಳಿಸುತ್ತೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಬೆಳಗಿನ ಪ್ರಾರ್ಥನೆಯಲ್ಲಿ ನಾವು ಉಪಾಧ್ಯಾಯಿನಿಯರು ಮಕ್ಕಳಿಗೆ ಹೇಳುವ ಕಥೆಗಳು ಯಾವುವು? ಹನ್ನಳು ಬೇಡಿದಳು, ಮಗನನ್ನು ಪಡೆದಳು. ಎಲೀಯನು ಬೇಡಿದನು, ಆಕಾಶದಿಂದ ಬೆಂಕಿ ಇಳಿಯಿತು. ಸಭೆಯವರು ಬೇಡಿದರು, ಸೆರೆಮನೆಯ ಬಾಗಿಲು ತೆರೆದು ಪೇತ್ರನು ಹೊರಗೆ ಬಂದನು. ಇವೆಲ್ಲವೂ ಸತ್ಯವೇ. ಆದರೆ ಪೇತ್ರನು ಬಿಡುಗಡೆಯಾದ ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದ ಆರಂಭದಲ್ಲಿಯೇ, ಯೋಹಾನನ ಅಣ್ಣನಾದ ಯಾಕೋಬನು ಹೆರೋದನ ಕತ್ತಿಗೆ ಬಲಿಯಾದನೆಂದು ಬರೆದಿದೆ. ಅದೇ ಊರು, ಅದೇ ಸಭೆ, ಅದೇ ಅರಸನು. ಯಾಕೋಬನ ತಾಯಿಯು ಪೇತ್ರನ ಸ್ನೇಹಿತರಿಗಿಂತ ಕಡಿಮೆ ಬೇಡಿದ್ದಾಳೆಂದು ಹೇಳುವ ಧೈರ್ಯ ಯಾರಿಗುಂಟು? ಇಷ್ಟು ವರ್ಷ ಪೇತ್ರನ ಕಥೆಯನ್ನು ಹೇಳಿದ ನಾನು ಯಾಕೋಬನ ಆ ಒಂದು ವಾಕ್ಯವನ್ನು ದಾಟಿಯೇ ಹೋಗಿದ್ದೇನೆ.

ಬೇಡಿದ್ದು ದೊರೆಯದಿರುವುದು ಅಲ್ಪವಿಶ್ವಾಸದ ಗುರುತೆಂದಾದರೆ, ಆ ಗುರುತನ್ನು ಮೊದಲು ಯಾರ ಮೇಲೆ ಹಾಕೋಣ? ಪೌಲನು ತನ್ನ ಶರೀರದ ಮುಳ್ಳು ತೊಲಗಲೆಂದು ಮೂರು ಸಾರಿ ಬೇಡಿದನು; ಮುಳ್ಳು ಉಳಿಯಿತು, ಕೃಪೆಯು ದೊರೆಯಿತು. ನಮ್ಮ ಕರ್ತನೇ ಗೆತ್ಸೇಮನೆಯಲ್ಲಿ ಮೂರು ಸಾರಿ ಪ್ರಾರ್ಥಿಸಿದನು, ಪಾತ್ರೆಯು ತೊಲಗಲಿಲ್ಲ. ಆದಕಾರಣ, ಆ ಹಿರಿಯರು ದುಃಖಿತಳಾದ ತಾಯಿಗೆ ಹೇಳಿದ ಮಾತು ಕ್ರೂರವಾದದ್ದು ಮಾತ್ರವಲ್ಲ, ಸತ್ಯವೇದಕ್ಕೆ ವಿರುದ್ಧವಾದದ್ದೂ ಆಗಿದೆಯೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಇನ್ನು ಕೆಲವರು, ಎಲ್ಲಾ ನಷ್ಟವೂ ಕಡೆಗೆ ಲಾಭವಾಗುವದೆಂದು ಸಮಾಧಾನ ಹೇಳುವರು. ಇದನ್ನೂ ವಿಚಾರಿಸಿ ನೋಡಬೇಕು. 1812ನೆಯ ಇಸವಿಯ ಮಾರ್ಚಿ 11ರಂದು ಶ್ರೀರಾಮಪುರದ ಮಿಷನ್ ಅಚ್ಚುಕೂಟವು ಸುಟ್ಟುಹೋದಾಗ, ವಿಲಿಯಂ ಕೇರಿಯವರ ಅನೇಕ ಹಸ್ತಪ್ರತಿಗಳು ಬೂದಿಯಾದವು. ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಭಾಷಾಂತರವೂ ಅವುಗಳಲ್ಲಿತ್ತು. ಅವರು ಮತ್ತೆ ಕೆಲಸಕ್ಕೆ ಕುಳಿತರು. 1817ರಲ್ಲಿ ಅವರ ಕನ್ನಡ ವ್ಯಾಕರಣವು ಅಚ್ಚಾಯಿತು. ಈ ಸಂಗತಿಯನ್ನು ಕೇಳಿ ನಾವು ಉತ್ಸಾಹಗೊಳ್ಳುತ್ತೇವೆ. ಆದರೆ ಅದೇ ಮನೆಯ ಮತ್ತೊಂದು ಸಂಗತಿಯನ್ನು ಹೇಳುವವರು ಕಡಿಮೆ. 1794ರಲ್ಲಿ ಕೇರಿಯವರ ಐದು ವರ್ಷದ ಮಗ ಪೀಟರನು ಬಂಗಾಳದಲ್ಲಿ ತೀರಿಹೋದನು. ತಾಯಿ ಡೊರೊಥಿಯವರ ಬುದ್ಧಿಯು ಕೆಟ್ಟಿತು; 1807ರಲ್ಲಿ ಕಣ್ಣುಮುಚ್ಚುವವರೆಗೂ ಅವರು ಗುಣಹೊಂದಲಿಲ್ಲ. ಸುಟ್ಟ ಕಾಗದವನ್ನು ಮತ್ತೆ ಬರೆಯಬಹುದು. ಆ ತಾಯಿಯ ಮನಸ್ಸನ್ನು ಯಾರೂ ಮತ್ತೆ ಬರೆಯಲಿಲ್ಲ. ಇದನ್ನು ಲಾಭದ ಲೆಕ್ಕಕ್ಕೆ ಸೇರಿಸಲು ನನಗೆ ನಾಲಿಗೆ ಬಾರದು.

ಹಾಗಾದರೆ ದೇವರು ಎಲ್ಲಿ? ಬೇಥಾನ್ಯದ ಮನೆಯನ್ನು ಜ್ಞಾಪಿಸಿಕೊಳ್ಳಿರಿ. ಲಾಜರನು ಅಸ್ವಸ್ಥನೆಂಬ ಸುದ್ದಿ ಮುಟ್ಟಿದ ಮೇಲೆಯೂ ಯೇಸುಸ್ವಾಮಿಯು ಎರಡು ದಿನ ಇದ್ದಲ್ಲಿಯೇ ಇದ್ದನು. ಆತನು ಬಂದಾಗ, ನೀನು ಇಲ್ಲಿದ್ದಿದ್ದರೆ ತಮ್ಮನು ಸಾಯುತ್ತಿರಲಿಲ್ಲವೆಂದು ಮಾರ್ಥಳೂ ಹೇಳಿದಳು, ಮರಿಯಳೂ ಹೇಳಿದಳು. ಅದು ದೂರೇ ಹೊರತು ಬೇರೆಯಲ್ಲ. ಆತನು ಅವರನ್ನು ಗದರಿಸಲಿಲ್ಲ, ಕಣ್ಣೀರು ಬಿಟ್ಟನು. ಇನ್ನು ಸ್ವಲ್ಪ ಹೊತ್ತಿನಲ್ಲಿ ಎಬ್ಬಿಸುವೆನೆಂದು ತಿಳಿದವನೂ ಅತ್ತನು. ಲಾಜರನು ಎದ್ದದ್ದು ಒಂದು ಮನೆಯಲ್ಲಿ, ಒಂದು ದಿನ. ಆದರೆ ಅಳುವವರ ಸಂಗಡ ಅಳುವುದು ಆತನ ನಿತ್ಯ ಸ್ವಭಾವವೆಂಬುದೇ ನನ್ನ ನಂಬಿಕೆ.

ಆದುದರಿಂದ ದೇವರ ಸಂಗಡ ದೂರು ಹೇಳುವುದು ಅಪನಂಬಿಕೆಯಲ್ಲ. 88ನೆಯ ಕೀರ್ತನೆಯನ್ನು ಓದಿ ನೋಡಿರಿ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಒಂದು ಸ್ತೋತ್ರವೂ ಕಡೆಯಲ್ಲಿಲ್ಲ. ಆದರೂ ಅದು ಮೊದಲಿಂದ ಕಡೆಯವರೆಗೆ ದೇವರನ್ನೇ ಕುರಿತು ಆಡಿದ ಮಾತು. ಯಾರೂ ಇಲ್ಲದ ಕೋಣೆಯಲ್ಲಿ ಯಾರೂ ಹಾಗೆ ಕೂಗಿಕೊಳ್ಳುವದಿಲ್ಲ.

ದುಃಖದ ಮನೆಗೆ ಹೋಗುವ ನಮಗೂ ಒಂದು ಪಾಠವುಂಟು. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಬಳಿಯಲ್ಲಿ ನೆಲದ ಮೇಲೆ ಮೌನವಾಗಿ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣಗಳನ್ನು ವಿವರಿಸತೊಡಗಿದಾಗ ಕೆಟ್ಟರು. ಕಡೆಯಲ್ಲಿ ದೇವರ ಕೋಪವು ಉರಿದದ್ದು ವಿವರಿಸಿದವರ ಮೇಲೆಯೇ. ಆದುದರಿಂದ ಪ್ರಿಯರೇ, ಅಂಥ ಮನೆಗೆ ಹೋದಾಗ ಗಂಜಿಯನ್ನು ತೆಗೆದುಕೊಂಡು ಹೋಗಿರಿ, ಪಾತ್ರೆಗಳನ್ನು ತೊಳೆಯಿರಿ, ಉಳಿದ ಮಕ್ಕಳಿಗೆ ತಲೆ ಬಾಚಿರಿ, ಬಳಿಯಲ್ಲಿ ಕುಳಿತುಕೊಳ್ಳಿರಿ. ದೇವರ ಸಾನ್ನಿಧ್ಯವು ಅನೇಕ ಸಾರಿ ಇಂಥ ಕೈಗಳ ಮೂಲಕವೇ ಬಾಗಿಲೊಳಗೆ ಬರುತ್ತದೆ.

ತಾಯ್ತಂದೆಗಳಲ್ಲಿ ನನ್ನ ಅರಿಕೆಯೇನಂದರೆ: 'ಪ್ರಾರ್ಥಿಸು, ಪರೀಕ್ಷೆಯಲ್ಲಿ ತೇರ್ಗಡೆಯಾಗುವಿ' ಎಂದು ಮಾತ್ರ ಮಕ್ಕಳಿಗೆ ಹೇಳಬೇಡಿರಿ. ಪ್ರಾರ್ಥನೆಯನ್ನು ಅಂಗಡಿಯ ವ್ಯಾಪಾರದಂತೆ ಕಲಿತ ಮಗುವು, ಸರಕು ಬಾರದ ದಿನ ಅಂಗಡಿಯನ್ನೇ ಬಿಟ್ಟುಹೋಗುವದು. ನಾನಾದರೋ ಇನ್ನು ಮುಂದೆ ಬೆಳಗಿನ ಕೂಟದಲ್ಲಿ ಪೇತ್ರನ ಕಥೆಯನ್ನು ಹೇಳುವ ದಿನವೇ ಯಾಕೋಬನ ವಾಕ್ಯವನ್ನೂ ಓದಿಸುವೆನೆಂದು ನಿಶ್ಚಯಿಸಿದ್ದೇನೆ.

ಆ ತಾಯಿಯು ಮತ್ತೊಂದು ಪತ್ರ ಬರೆದಿದ್ದಾಳೆ. ಆಕೆಗೆ ಇನ್ನೂ ಮಾತಿನಿಂದ ಪ್ರಾರ್ಥಿಸಲಾಗುವದಿಲ್ಲವಂತೆ. ಸಾಯಂಕಾಲ ದೀಪ ಹಚ್ಚಿದ ಮೇಲೆ ಹಳೆಯ ಸ್ಥಳದಲ್ಲಿ ಸುಮ್ಮನೆ ಕುಳಿತು ಏಳುತ್ತಾಳಂತೆ. 'ಇದು ಪ್ರಾರ್ಥನೆಯಾಗುವದೋ?' ಎಂದು ಕೇಳಿದ್ದಾಳೆ. ಮಗು ಯಾಕೆ ಹೋಯಿತೆಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಈ ಪ್ರಶ್ನೆಗೆ ಉಂಟು. ಆಗುವದು, ಮಗಳೇ, ನಿಶ್ಚಯವಾಗಿ ಆಗುವದು.