ಹವಳದ ದಿಬ್ಬದ ಗೋಮುಖ ವ್ಯಾಘ್ರ

ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋ ಗಾದೆ ಸಮುದ್ರದ ಒಳಗೂ ನಡೆಯುತ್ತೆ ನೋಡಿ.

ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗಿನ ಹವಳದ ದಿಬ್ಬಗಳಲ್ಲಿ ಕ್ಲೀನರ್ ರಾಸ್ ಎಂಬ ಪುಟ್ಟ ಮೀನಿದೆ. ತಿಳಿನೀಲಿ ಮೈ, ಮೂತಿಯಿಂದ ಬಾಲದ ಕಡೆ ಅಗಲವಾಗುತ್ತಾ ಹೋಗುವ ಕಪ್ಪು ಪಟ್ಟೆ. ದೊಡ್ಡ ಮೀನುಗಳು ಇದರ ಮುಂದೆ ಬಾಯಿ, ಕಿವಿರು ತೆರೆದು ಸುಮ್ಮನೆ ನಿಲ್ಲುತ್ತವೆ. ಅವುಗಳ ಮೈಗೆ ಅಂಟಿದ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವುದೇ ಇದರ ಕೆಲಸ.

ಇದೇ ವೇಷ, ಇದೇ ಕುಣಿಯುವ ಈಜು ಇರುವ ಇನ್ನೊಂದು ಮೀನಿದೆ. ಅದು ಬ್ಲೆನ್ನಿ ಕುಟುಂಬದ್ದು. ಹೆಸರು ಆಸ್ಪಿಡಾಂಟಸ್ ಟೀನಿಯೇಟಸ್. ಉದ್ದ ಸುಮಾರು 11 ಸೆಂ.ಮೀ. ಕ್ಲೀನರ್ ಬಂತು ಅಂತ ನಂಬಿ ನಿಂತ ಮೀನಿನ ರೆಕ್ಕೆಯನ್ನೇ ಕಚ್ಚಿ ಓಡುತ್ತೆ! ಪೆಸಿಫಿಕ್‌ನ ಕೆಲವು ದ್ವೀಪಗಳಲ್ಲಿ ಅಸಲಿಗೆ ಕಿತ್ತಳೆ ಮಚ್ಚೆ ಇದ್ದರೆ, ಅಲ್ಲಿನ ನಕಲಿಗೂ ಅದೇ ಮಚ್ಚೆ.

ಹಾಗಾದರೆ ಗುರುತು ಹಿಡಿಯೋದು ಹೇಗೆ? ಫೋಟೊಗಳಲ್ಲಿ ನಾನು ಬಣ್ಣ ಬಿಟ್ಟು ಮೊದಲು ಬಾಯಿ ನೋಡುತ್ತೇನೆ. ಅಸಲಿಯ ಬಾಯಿ ಮೂತಿಯ ತುದಿಯಲ್ಲೇ ಇರುತ್ತೆ. ನಕಲಿಯ ಮೂತಿ ಮುಂದಕ್ಕೆ ಚಾಚಿ, ಬಾಯಿ ಅದರ ಕೆಳಗೆ ಅಡಗಿರುತ್ತೆ. ಕೆಳದವಡೆಯಲ್ಲಿ ಎರಡು ದೊಡ್ಡ ಕೋರೆಹಲ್ಲು ಬೇರೆ. ಎರಡನೆಯದು ಬೆನ್ನಿನ ರೆಕ್ಕೆ: ನಕಲಿಯಲ್ಲಿ ಅದು ತಲೆಯ ಹಿಂದೆಯೇ ಶುರುವಾಗಿ ಬಾಲದ ಹತ್ತಿರದವರೆಗೂ ಉದ್ದಕ್ಕೆ ಸಾಗುತ್ತೆ. ಮೂರನೆಯದು ಚರ್ಮ: ಅಸಲಿಗೆ ಸಣ್ಣ ಹುರುಪೆಗಳಿವೆ, ಬ್ಲೆನ್ನಿಗೆ ಹುರುಪೆಯೇ ಇಲ್ಲ. ಖಾಲಿ ಹುಳುಗೂಡಿಗೆ ಬಾಲ ಮುಂದಾಗಿ ನುಗ್ಗಿ, ತಲೆ ಮಾತ್ರ ಹೊರಗೆ ಇಣುಕಿಸಿದ್ದರೆ ಅದೂ ಬ್ಲೆನ್ನಿಯದೇ ಚಾಳಿ.

ಪಾಪ, ಇದಕ್ಕೆ ದಿನವೂ ರೆಕ್ಕೆಯೇ ಊಟ ಅಂತಲ್ಲ. ಬೆಳೆದವು ಹೆಚ್ಚಾಗಿ ಕೊಳವೆಹುಳುಗಳ ಎಳೆ, ಬೇರೆ ಮೀನುಗಳ ಮೊಟ್ಟೆ ತಿನ್ನುತ್ತವೆ. ರೆಕ್ಕೆ ಕಚ್ಚುವ ಚಪಲ ಮರಿಗಳಿಗೇ ಜಾಸ್ತಿ. ವಂಚಕರು ಮಿತಿಮೀರಿದರೆ ಮೀನುಗಳು ಅಸಲಿಯನ್ನೂ ನಂಬಲ್ಲ, ಆಗ ವೇಷಕ್ಕೂ ಬೆಲೆ ಇಲ್ಲ. ಅಸಲಿಗಳು ಹೆಚ್ಚಿದ್ದರೇ ನಕಲಿಗೆ ಬದುಕು.

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಕ್ಲೀನರ್ ಅಂತ ಕೊಳ್ಳುವ ಮೊದಲು ಬಾಯಿಯ ಕಡೆ ಒಮ್ಮೆ ಬಗ್ಗಿ ನೋಡಿ. ಇಲ್ಲದಿದ್ದರೆ ತೊಟ್ಟಿಯ ಉಳಿದ ಮೀನುಗಳ ರೆಕ್ಕೆ ಹರಿದೀತು. ನನ್ನನ್ನು ಕೇಳಿದರೆ ಅಸಲಿಯನ್ನೂ ತರಬೇಡಿ. ಸಾಕಷ್ಟು ಪರೋಪಜೀವಿ ಸಿಗದೆ ತೊಟ್ಟಿಯಲ್ಲಿ ಅದು ಸೊರಗುತ್ತೆ, ಅತ್ತ ಹವಳದ ದಿಬ್ಬ ತನ್ನ ವೈದ್ಯನನ್ನು ಕಳೆದುಕೊಳ್ಳುತ್ತೆ.