ಅರಸರು ಉಳಿಸಿದ ಪಿಯಾನೋ

ರಾತ್ರಿ ಪಾತ್ರೆ ತೊಳೆದಿಟ್ಟು, ಇಯರ್‌ಫೋನ್ ಹಾಕ್ಕೊಂಡು ಹತ್ತು ನಿಮಿಷ ಪಿಯಾನೋ ಕೇಳೋದು ಈಚೆಗೆ ನನ್ನ ಅಭ್ಯಾಸ. ಬೂದಿಗೆರೆಯಲ್ಲಿ ಪಿಯಾನೋನಾ ಅಂತ ನಗಬೇಡಿ! ನಾನು ಕೇಳೋದು ರಷ್ಯಾದ ನಿಕೊಲಾಯ್ ಮೆಟ್ನರ್ ಅವರನ್ನು. ಅವರಿಗೂ ನಮ್ಮ ಮೈಸೂರಿಗೂ ನಂಟಿದೆ.

ಸ್ವತಃ ಪಿಯಾನೋ ಕಲಿತಿದ್ದ ಜಯಚಾಮರಾಜ ಒಡೆಯರ್ ಅವರಿಗೆ ಮೆಟ್ನರ್ ಸಂಗೀತ ಅಂದ್ರೆ ಪ್ರಾಣ. ಲಂಡನ್ನಿನಲ್ಲಿದ್ದ ಆ ವೃದ್ಧ ಸಂಗೀತಗಾರರು ತಮ್ಮ ರಚನೆಗಳನ್ನು ತಾವೇ ನುಡಿಸಿ ಎಚ್‌ಎಂವಿ ಗ್ರಾಮಫೋನ್ ಪ್ಲೇಟುಗಳಲ್ಲಿ ಉಳಿಸಲು ಅರಸರೇ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನು ಅರಸರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು.

ಅವರ ‘ಫೇರಿ ಟೇಲ್ಸ್’ ಪುಟ್ಟ ಪುಟ್ಟ ರಚನೆಗಳು. ಮೊದಲ ಸಲ ಎರಡು ಕೈಗಳೂ ಜಗಳ ಆಡ್ತಿವೆ ಅನ್ನಿಸಿತು. ಆಮೇಲೆ ಎಡಗೈಗೆ ಮಾತ್ರ ಕಿವಿಗೊಟ್ಟೆ. ಅಲ್ಲೂ ಒಂದು ಕಥೆ ನಡೀತಿತ್ತು. ನೀವೂ ಹಾಗೆ ಕೇಳಿ ನೋಡಿ.

ನಮ್ಮತ್ತೆಗೆ ಸೋಬಾನೆ ಪದ ನೂರಾರು ಬರ್ತಿತ್ತು. ಈಗ ಮರೀತಿದಾರೆ. ಮೊನ್ನೆ ಮೊಬೈಲ್ ಮುಂದಿಟ್ಟೆ. “ಬ್ಯಾಡ ಕಣಮ್ಮಿ, ಗಂಟ್ಲು ಹೋಗೈತೆ” ಅಂದ್ರು. ಬಲವಂತಕ್ಕೆ ಒಂದು ಪದ ಎತ್ತಿದ್ರು, ಅರ್ಧಕ್ಕೇ ನಿಂತಿತು. ಆ ಅರ್ಧವನ್ನೇ ಜೋಪಾನ ಮಾಡಿಟ್ಟಿದ್ದೀನಿ.