ಗ್ಯಾರೇಜಿನ ನಾಲ್ಕನೆಯ ಬದಿ

2016ರ ರಿಯಲ್ ಎಸ್ಟೇಟ್ ಕಾಯ್ದೆ ಗ್ಯಾರೇಜು ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆ ಚಿಕ್ಕದು. ಮೇಲೊಂದು ಸೂರು, ಮೂರು ಕಡೆ ಗೋಡೆ, ಒಳಗೆ ವಾಹನ ನಿಲ್ಲಿಸಲು ಜಾಗ. ಇಷ್ಟಿದ್ದರೆ ಅದು ಗ್ಯಾರೇಜು. ನಾಲ್ಕನೆಯ ಬದಿಯ ಬಗ್ಗೆ ಕಾಯ್ದೆ ಮೌನವಾಗಿದೆ. ಅಲ್ಲಿ ಬಾಗಿಲಿಡುವುದೋ ಬಿಡುವುದೋ ನಮಗೆ ಬಿಟ್ಟದ್ದು. ಆದರೆ ಮುಂಬಯಿಯಲ್ಲಿ ಜೂನ್ ತಿಂಗಳು ಕಾಲಿಟ್ಟಿತೆಂದರೆ ಮಳೆ ಒಳಬರುವುದು ಆ ನಾಲ್ಕನೆಯ ಬದಿಯಿಂದಲೇ.

ಗ್ಯಾರೇಜು ಉಳ್ಳವರ ಚಿಂತೆ ನಮಗೇಕೆ ಎಂದು ಈ ಊರಿನ ಬಹುಪಾಲು ಕನ್ನಡಿಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಹೆಚ್ಚಿನವರು ಕಂಬಗಳ ಮೇಲೆ ಎದ್ದುನಿಂತ ಕಟ್ಟಡಗಳಲ್ಲಿ ಇರುವವರು. ನಮ್ಮ ವಾಹನಗಳು ಆ ಕಂಬಗಳ ನಡುವೆ ನಿಲ್ಲುತ್ತವೆ. ಆ ಜಾಗವನ್ನು ಬಿಲ್ಡರು ಗ್ಯಾರೇಜೆಂದು ಕರೆದು ಬೇರೆಯಾಗಿ ಮಾರಬಹುದೇ ಎಂಬ ವಿವಾದ ದಹಿಸರ್‌ನ ಪಾಂಚಾಲಿ ಸಹಕಾರಿ ವಸತಿ ಸಂಘದಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2010ರ ಆಗಸ್ಟ್ 31ರಂದು ಬಂದ ತೀರ್ಪು, ಅದು ಗ್ಯಾರೇಜಲ್ಲ, ಕಟ್ಟಡದ ಎಲ್ಲರಿಗೂ ಸೇರಿದ ಜಾಗ, ಬಿಲ್ಡರಿಗೆ ಅದನ್ನು ಮಾರುವ ಹಕ್ಕಿಲ್ಲ ಎಂದಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ತಳಮಹಡಿಯ ನೆಲ ಯಾರೊಬ್ಬರದೂ ಅಲ್ಲ ಎಂದಾದ ಮೇಲೆ ಅದರ ಮೇಲೆ ಹರಿಯುವ ನೀರು ಯಾರದು ಎಂಬ ಪ್ರಶ್ನೆ ಉಳಿದೇ ಇದೆ. ನಮ್ಮ ಈ ಬರಹ ಅದನ್ನು ಕುರಿತದ್ದು.

ಬಾಗಿಲ ಸಂದಿನಿಂದ ಬರುವ ನೀರು ಎರಡು ಬಗೆಯದು. ಗಾಳಿ ತಂದು ಎರಚುವ ನೀರು ಒಂದು. ನೆಲದ ಮೇಲೆ ಏರಿಬರುವ ನೀರು ಇನ್ನೊಂದು. ನಮ್ಮ ಹಿರಿಯರು ಇವೆರಡನ್ನೂ ಒಂದೆಂದು ತಿಳಿದವರಲ್ಲ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲಕ್ಕೆ ಮುಂಚೆ ಜಗಲಿಗೆ ತಟ್ಟಿ ಕಟ್ಟುವ ಕೆಲಸವಿತ್ತು. ತೆಂಗಿನ ಮಡಲೋ ಅಡಕೆಯ ಸೋಗೆಯೋ ಕೈಗೆ ಸಿಕ್ಕದ್ದರಲ್ಲಿ ನೇಯ್ದು ಕಟ್ಟುತ್ತಿದ್ದರು. ತಟ್ಟಿ ಎರಚಲನ್ನು ತಡೆಯುತ್ತಿತ್ತು, ಗಾಳಿಯನ್ನು ಬಿಡುತ್ತಿತ್ತು, ಮಣ್ಣಿನ ಗೋಡೆಯನ್ನು ಕಾಯುತ್ತಿತ್ತು. ಏರಿಬರುವ ನೀರಿಗೆ ಅವರು ತಟ್ಟಿಯನ್ನು ನಂಬಲಿಲ್ಲ. ಅದಕ್ಕೆ ಮನೆಯ ಅಡಿಪಾಯವನ್ನೇ ಎತ್ತರಿಸಿದರು, ಅಂಗಳದ ಸುತ್ತ ಚರಂಡಿ ತೋಡಿದರು.

ಮುಂಬಯಿಯ ಗ್ಯಾರೇಜಿಗೂ ಈ ವಿವೇಕವೇ ಸಾಕು. ದಾದರ್, ಮಾಟುಂಗಾಗಳ ಹಳೆಯ ಕಟ್ಟಡಗಳಲ್ಲಿ ಇಂದಿಗೂ ನಿಜವಾದ ಗ್ಯಾರೇಜುಗಳಿವೆ. ಕೆಲವಕ್ಕೆ ಮರದ ಬಾಗಿಲು, ಕೆಲವಕ್ಕೆ ಉಕ್ಕಿನ ಶಟರು. ಶಟರಿನ ಪಟ್ಟಿಗಳು ಒಂದಕ್ಕೊಂದು ಕೊಂಡಿಹಾಕಿಕೊಂಡು ಸುರುಳಿಯಾಗುವಂಥವು. ಅವುಗಳ ನಡುವಿನ ಸಡಿಲವನ್ನು ಪೂರ್ತಿಯಾಗಿ ಮುಚ್ಚಿದರೆ ಶಟರು ಏಳುವುದೇ ಇಲ್ಲ. ಆದ್ದರಿಂದ ಮುಚ್ಚಬೇಕಾದದ್ದು ಅಂಚುಗಳನ್ನು. ಅಡಿಯ ಪಟ್ಟಿಗೆ ರಬ್ಬರ್ ಅಂಚು, ಎರಡೂ ಪಕ್ಕದ ಕಾಲುವೆಗಳಿಗೆ ನೈಲಾನ್ ಕುಂಚದ ಪಟ್ಟಿ, ಮೇಲೆ ಸುರುಳಿ ಕೂರುವ ಪೆಟ್ಟಿಗೆಗೆ ಒಂದು ಚಾಚು ತಗಡು. ನೈಋತ್ಯ ದಿಕ್ಕಿಗೆ ಮುಖಮಾಡಿದ ಬಾಗಿಲಿಗೆ ಈ ಮೂರೂ ಬೇಕು. ಮುಂಗಾರಿನ ಗಾಳಿ ಬೀಸುವುದು ಆ ಕಡೆಯಿಂದ. ಬೇಸಗೆಯ ಬಿಸಿಲಿಗೆ ರಬ್ಬರು ಗಡುಸಾಗಿ ಬಿರಿಯುತ್ತದೆ. ಆದ್ದರಿಂದ ಅದನ್ನು ಮೇ ತಿಂಗಳಲ್ಲಿ ಬೆರಳಿನಿಂದ ಒತ್ತಿ ನೋಡಬೇಕು, ಒತ್ತು ಬೀಳದಿದ್ದರೆ ಬದಲಿಸಬೇಕು. ಸಮುದ್ರದ ಉಪ್ಪುಗಾಳಿ ಮೊದಲು ತಿನ್ನುವುದು ಶಟರಿನ ಅಡಿಯ ಪಟ್ಟಿಯನ್ನು; ಅದು ತುಕ್ಕು ಹಿಡಿದು ಡೊಂಕಾದರೆ ಎಂಥ ರಬ್ಬರೂ ನೆಲಕ್ಕೆ ಕೂರುವುದಿಲ್ಲ. ಗೋಡೆಯ ಮೇಲ್ಭಾಗದ ಗಾಳಿಕಿಂಡಿಯನ್ನು ಮಾತ್ರ ಎಂದೂ ಮುಚ್ಚಬಾರದು. ಈ ಊರಿನ ತೇವದಲ್ಲಿ ಗಾಳಿಯಾಡದ ಕೋಣೆ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿದರೆ ಕಾರ್ಬನ್ ಮೊನಾಕ್ಸೈಡು ವಾಸನೆಯ ಸುಳಿವೂ ಕೊಡದೆ ಕೊಲ್ಲುತ್ತದೆ.

ಇದೆಲ್ಲ ಎರಚಲಿಗೆ ಮದ್ದು. ಏರಿಬರುವ ನೀರಿನ ಮಾತು ಬೇರೆ. ಈ ನಗರದ ಹಳೆಯ ಮಳೆನೀರಿನ ಚರಂಡಿಗಳನ್ನು ಲೆಕ್ಕಹಾಕಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಸಮುದ್ರ ಇಳಿತದಲ್ಲಿರುವಾಗ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿಯಿತು. ಹೆಚ್ಚುಕಡಿಮೆ ಇಡೀ ಜುಲೈ ತಿಂಗಳ ವಾಡಿಕೆಯ ಮಳೆ. ಅಂಥ ದಿನ ಯಾವ ಬಾಗಿಲ ರಬ್ಬರಿನ ಮಾತೂ ನಡೆಯದು. ಆ ದಿನ ಬಿಡಿ, ಪ್ರತಿ ಮಳೆಗಾಲದಲ್ಲೂ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಮಿಲನ್ ಸಬ್‌ವೇ ಹೆಸರುಗಳು ಸುದ್ದಿಯಲ್ಲಿ ಇದ್ದೇ ಇರುತ್ತವೆ. ರಸ್ತೆಯ ಮೇಲೆ ರಸ್ತೆ ಹಾಸುತ್ತ ಹೋದ ಕಡೆಗಳಲ್ಲಿ ಹಳೆಯ ಕಟ್ಟಡಗಳ ತಳಮಹಡಿ ಬೀದಿಗಿಂತ ಕೆಳಗಾಗಿದೆ. ಹಿಂದೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು.

ಆಗ ಜನ ಏನು ಮಾಡುತ್ತಾರೆ? ಬಾಗಿಲಿಗೆ ಅಡ್ಡಲಾಗಿ ಇಟ್ಟಿಗೆಯ ಒಂದು ಕಟ್ಟೆ ಕಟ್ಟಿ ಸಿಮೆಂಟು ಬಳಿದು ಮೇಲೊಂದು ಕಡಪ ಕಲ್ಲು ಕೂರಿಸುತ್ತಾರೆ. ಕಟ್ಟಿದವನ ಗ್ಯಾರೇಜು ಒಣಗಿರುತ್ತದೆ. ತಡೆದ ನೀರು ಮಾಯವಾಗುವುದಿಲ್ಲ. ಪಕ್ಕದ ಬಾಗಿಲಿಗೆ ಹೋಗುತ್ತದೆ. ಪಕ್ಕದವನು ಇನ್ನೊಂದು ಇಟ್ಟಿಗೆ ಹೆಚ್ಚಿಗೆ ಏರಿಸುತ್ತಾನೆ. ಈ ಪೈಪೋಟಿಯ ಕೊನೆಯಲ್ಲಿ ನೀರು ನಿಲ್ಲುವುದು ಕಟ್ಟೆ ಕಟ್ಟಿಕೊಳ್ಳಲಾಗದವರ ಬಾಗಿಲಲ್ಲಿ. ಮುಂಬಯಿಯ ಎಷ್ಟೋ ಕಟ್ಟಡಗಳಲ್ಲಿ ತಳಮಹಡಿಯ ಆ ಕೊನೆಯ ಕೋಣೆ ಕಾವಲುಗಾರ ಮಲಗುವ ಜಾಗ. ಅದರ ಪಕ್ಕದಲ್ಲೇ ಇಡೀ ಕಟ್ಟಡದ ವಿದ್ಯುತ್ ಮೀಟರುಗಳು. ಒಬ್ಬರ ಕಾರಿನ ಚಕ್ರ ಒಣಗಿರಲೆಂದು ತಿರುಗಿಸಿದ ನೀರು ಮೀಟರು ಕೋಣೆಗೆ ನುಗ್ಗಿದರೆ ಅದು ಬರೀ ಅನನುಕೂಲದ ಸಂಗತಿಯಾಗಿ ಉಳಿಯುವುದಿಲ್ಲ, ಜೀವದ ಸಂಗತಿಯಾಗುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಎರಚಲಿಗೆ ಬಾಗಿಲು ಮುಚ್ಚುವುದು ಮನೆಯವರ ಕೆಲಸ, ಏರಿಬರುವ ನೀರಿಗೆ ಬಾಗಿಲು ಮುಚ್ಚುವುದು ಕಟ್ಟಡದ ಕೆಲಸ. ಎರಡನೆಯದನ್ನು ಒಬ್ಬೊಬ್ಬರೇ ಮಾಡಲು ಹೊರಟರೆ ಅದು ನೆರೆಮನೆಯವರ ಮೇಲೆ ನೀರು ಹೊರಿಸಿದಂತೆ.

ನಗರವೇ ಈ ಪಾಠವನ್ನು ದೊಡ್ಡ ಅಳತೆಯಲ್ಲಿ ಕಲಿತಿದೆ. ಭರತದ ಹೊತ್ತಿನಲ್ಲಿ ಸಮುದ್ರದ ನೀರು ಚರಂಡಿಯೊಳಕ್ಕೆ ನುಗ್ಗದಂತೆ ಬಾಗಿಲು ಹಾಕಬೇಕು. ಬಾಗಿಲು ಹಾಕಿದ ಕೂಡಲೇ ಒಳಗೆ ಬಿದ್ದ ಮಳೆಗೆ ಹೊರದಾರಿ ಇಲ್ಲವಾಗುತ್ತದೆ. ಹಾಜಿ ಅಲಿ, ವರ್ಲಿಯ ಲವ್‌ಗ್ರೋವ್, ಇರ್ಲಾ ಮುಂತಾದ ಕಡೆ ಪಾಲಿಕೆ ಪಂಪಿಂಗ್ ಸ್ಟೇಷನ್ನುಗಳನ್ನು ಕಟ್ಟಿದ್ದು ಇದಕ್ಕಾಗಿ. ಹಿಂದ್‌ಮಾತಾದ ನೀರಿಗೆ ಹತ್ತಿರದ ಮೈದಾನಗಳ ಅಡಿಯಲ್ಲಿ ತೊಟ್ಟಿಗಳನ್ನು ಮಾಡಿದ್ದೂ ಇದಕ್ಕಾಗಿಯೇ. ಬಾಗಿಲು ಹಾಕುವ ಮೊದಲು ನೀರಿಗೆ ಜಾಗ ತೋರಿಸಬೇಕು. ಕೋಟಿಗಟ್ಟಲೆ ಸುರಿದು ನಗರ ಒಪ್ಪಿಕೊಂಡ ಈ ಮಾತನ್ನು ಒಂದು ಸೊಸೈಟಿ ಕೆಲವು ಸಾವಿರಗಳಲ್ಲಿ ಪಾಲಿಸಬಹುದು.

ಸೊಸೈಟಿಯ ಸಭೆಯಲ್ಲಿ ಒಮ್ಮತವಾಗುವಷ್ಟರಲ್ಲಿ ಮೂರು ಮಳೆಗಾಲ ಕಳೆಯುತ್ತದೆ, ಅಲ್ಲಿಯವರೆಗೆ ನಾವು ನೆನೆಯಬೇಕೇ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಅದರಲ್ಲಿ ಸತ್ಯವಿದೆ. ಮಹಡಿಯ ಮೇಲಿರುವವರಿಗೆ ತಳಮಹಡಿಯ ನೀರು ಬಾಲ್ಕನಿಯಿಂದ ನೋಡುವ ದೃಶ್ಯವಷ್ಟೇ; ಖರ್ಚಿನ ಮಾತು ಬಂದಾಗ ಅವರ ಕೈ ಏಳುವುದಿಲ್ಲ. ಆದರೆ ಲಿಫ್ಟಿನ ಗುಂಡಿ ಇರುವುದು ತಳದಲ್ಲಿ, ಕುಡಿಯುವ ನೀರಿನ ತೊಟ್ಟಿ ಇರುವುದು ನೆಲದಡಿಯಲ್ಲಿ, ಅದನ್ನು ಮೇಲಕ್ಕೆತ್ತುವ ಪಂಪೂ ಅಲ್ಲೇ. ಏಳನೆಯ ಮಹಡಿಯ ನಲ್ಲಿಯಲ್ಲಿ ಕೊಳೆನೀರು ಬಂದ ದಿನ ತಳಮಹಡಿ ಎಲ್ಲರದೂ ಆಗುತ್ತದೆ. ಆ ದಿನಕ್ಕೆ ಮೊದಲೇ ಅದು ಎಲ್ಲರದೂ ಎಂದು ದಹಿಸರ್‌ನ ತೀರ್ಪು ಹೇಳಿಯಾಗಿದೆ. ಹಕ್ಕು ಕೇಳುವಾಗ ಆ ತೀರ್ಪನ್ನು ನೆನೆಯುವವರು ಚರಂಡಿ ತೆಗೆಸುವಾಗಲೂ ನೆನೆಯಬೇಕು.

ಒಮ್ಮತ ಬರುವವರೆಗೆ ಒಬ್ಬರೇ ಏನಾದರೂ ಮಾಡಲೇಬೇಕೆಂದರೆ, ತೆಗೆದಿಡಬಹುದಾದ ಅಡ್ಡಹಲಗೆ ಸಾಕು. ಬಾಗಿಲಿನ ಎರಡು ಪಕ್ಕಕ್ಕೆ ಕಬ್ಬಿಣದ ಕಾಲುವೆ ಕೂರಿಸಿ, ಮಳೆ ಜೋರಾದಾಗ ಅದರೊಳಗೆ ಹಲಗೆ ಇಳಿಸಿ, ನಿಂತ ಮೇಲೆ ತೆಗೆಯುವುದು. ಸಿಮೆಂಟಿನ ಕಟ್ಟೆಯಂತೆ ಅದು ಹನ್ನೆರಡು ತಿಂಗಳೂ ನೀರಿನ ದಾರಿಗೆ ಅಡ್ಡ ನಿಲ್ಲದು.

ಸೊಸೈಟಿ ಮಾಡಬೇಕಾದದ್ದೂ ದೊಡ್ಡದೇನಲ್ಲ. ಬಾಗಿಲುಗಳ ಸಾಲಿನ ಮುಂದೆ ಜಾಲರಿ ಮುಚ್ಚಿದ ಒಂದೇ ಉದ್ದ ಕಾಲುವೆ. ಗ್ಯಾರೇಜಿನ ನೆಲ ಹೊರಕ್ಕೆ ಇಳಿಜಾರಾಗಿರುವಂತೆ ಗಾರೆ. ಕಾಲುವೆಯ ನೀರನ್ನು ಬೀದಿಯ ಚರಂಡಿಗೆ ಎತ್ತಿಹಾಕಲು, ಆ ಚರಂಡಿಯೇ ತುಂಬಿದಾಗ ನೀರು ಹಿಂದಕ್ಕೆ ಬರದಂತೆ ಕವಾಟವಿರುವ ಒಂದು ಪಂಪು. ನೀರಿನ ಮಟ್ಟಕ್ಕಿಂತ ಮೇಲೆ ಎತ್ತಿ ಕೂರಿಸಿದ ಮೀಟರುಗಳು. ಏಪ್ರಿಲ್ ಸಭೆಯಲ್ಲಿ ತೀರ್ಮಾನ, ಮೇ ತಿಂಗಳಲ್ಲಿ ಕೆಲಸ. ಕೆಲಸ ಶುರುವಾಗಬೇಕಾದದ್ದು ಕಾವಲುಗಾರನ ಬಾಗಿಲಿನಿಂದ. ಎಲ್ಲರ ನೀರೂ ಹೋಗಿ ಸೇರುವುದು ಅಲ್ಲಿಗೆ. ಆ ಬಾಗಿಲು ಒಣಗಿದ್ದರೆ ಉಳಿದವು ಒಣಗಿಯೇ ಇರುತ್ತವೆ.